ಗಲಾಟೆ ಇಲ್ಲದ ಊರು

ಊರು ಮತ್ತೆ ಕೆಂಪಗಾಗಿತ್ತು. ಕಂಪ್ಯೂಟರಿನ ಪರದೆಯಲ್ಲಿ ಕೋಟೆಯ ಪಕ್ಕದ ಪುಟ್ಟ ಮುಖ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿ ಹಲ್ಲು ಕಡಿಯುತ್ತಿತ್ತು. ಇನ್ನು ಸ್ವಲ್ಪ ಬಿಟ್ಟರೆ ಜನ ದಂಗೆ ಏಳುವುದು ಖಂಡಿತ. ಲಾಂಡ್ರಿಯ ಸೂಪರ್‌ವೈಸರ್ ಊಟದ ಡಬ್ಬಿಯನ್ನು ಬದಿಗೆ ಸರಿಸಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಹಳೇ ಕಾಲದ ರಾಜ್ಯ ಆಳುವ ಈ ಆಟದ ಹುಚ್ಚು ಹಿಡಿಸಿದವನು ಹೆಂಡತಿಯ ತಮ್ಮ. ಮೊದಮೊದಲು ಊರಿಗೆ ಊರೇ ಕೈತಪ್ಪಿ ಹೋಗುತ್ತಿದ್ದಾಗ ಗುಟ್ಟು ಹೇಳಿಕೊಟ್ಟವನೂ ಅವನೇ.

"ಅಯ್ಯೋ ಭಾವ, ತೆರಿಗೆ ಇಳಿಸ್ತೀನಿ, ಚರಂಡಿ ಕಟ್ಟಿಸ್ತೀನಿ ಅಂತ ಹೊರಟ್ರೆ ಖಜಾನೆ ಬರಿದಾಗುತ್ತೆ ಅಷ್ಟೆ. ಜನ ಜಾಸ್ತಿಯಾಗಿ ಗಲಾಟೆ ಶುರುವಾದ್ರೆ ಒಂದಷ್ಟು ಜನರನ್ನ ಸೈನ್ಯಕ್ಕೆ ಸೇರಿಸ್ಕೊಳ್ಳಿ. ದೂರದ ಊರಿಗೆ ನಡೆಸಿ, ಅಲ್ಲಿ ಸೈನ್ಯಾನ ವಿಸರ್ಜನೆ ಮಾಡಿಬಿಡಿ. ಅವರು ಅಲ್ಲೇ ಉಳೀತಾರೆ, ಇಲ್ಲಿ ತಣ್ಣಗಾಗುತ್ತೆ."

ಈಗಲೂ ಹಾಗೇ ಮಾಡಿದ. ಮುಖ ಹಸಿರಾಯಿತು. ಸಿಂಹಾಸನದ ಮೇಲೆ ಕೂತವನ ಹಾಗೆ ಸೂಪರ್‌ವೈಸರ್ ಬೆನ್ನು ನೆಟ್ಟಗೆ ಮಾಡಿ ತಲೆ ಎತ್ತಿದ.

ಕ್ಯಾಬಿನ್ನಿನ ಗಾಜಿನಾಚೆ ಇಸ್ತ್ರಿ ವಿಭಾಗ. ಆಸ್ಪತ್ರೆ, ಹೋಟೆಲುಗಳ ಬೆಡ್‌ಷೀಟುಗಳು ಬಿಸಿ ರೋಲರಿನೊಳಗೆ ಹೊಕ್ಕು ಹಬೆಯಾಡುತ್ತ ಹೊರಬೀಳುವ ಜಾಗ. ಹಬೆ ಹೊರಗೆಳೆಯುವ ಎರಡೂ ಫ್ಯಾನು ಕೆಟ್ಟು ವಾರವಾಗಿತ್ತು. ಹೆಂಗಸರು ಬೆವರಲ್ಲಿ ತೊಯ್ದು ತೊಪ್ಪೆಯಾಗಿದ್ದರು. ಮಾಲೀಕರ ಕಿವಿಗೆ ವಿಷಯ ಹಾಕಬೇಕಿತ್ತು, ನಿಜ. ಆದರೆ ಪ್ರತಿ ತಿಂಗಳೂ ರಿಪೇರಿ ಖರ್ಚಿಲ್ಲದೆ ಸಂಭಾಳಿಸುವವನು ಎಂಬ ಹೆಸರು ಇವನಿಗಿತ್ತು. ಆ ಹೆಸರಿನ ಮೇಲೆ ಇವನಿಗೆ ಪ್ರಾಣ. ಕೆಲಸದವರು ಕೇಳಿದಾಗಲೆಲ್ಲ 'ಮಾಲೀಕರ ಹತ್ರ ಮಾತಾಡ್ತಿದೀನಿ' ಎಂದು ಸಾಗಹಾಕುತ್ತಿದ್ದ.

ಗಾಜು ದಪ್ಪ, ಆಚೆಯ ಮಾತು ಕೇಳಿಸದು. ಆದರೂ ಗುಂಪಿನ ನಡುವೆ ನಿಂತು ಕೈ ಬೀಸಿ ಬೀಸಿ ಗಂಟಲು ಹರಿದುಕೊಳ್ಳುತ್ತಿದ್ದವಳು ಯಾರೆಂದು ಕಾಣುತ್ತಿತ್ತು. ದೊಡ್ಡಕ್ಕ. ಆ ವಿಭಾಗದ ಹಳೇ ಕೆಲಸದಾಕೆ. ಎಲ್ಲರಿಗೂ ಅವಳು ದೊಡ್ಡಕ್ಕನೇ. ಓಹೋ, ಗಲಾಟೆಯ ಬೇರು ಇಲ್ಲಿದೆ ಎಂದುಕೊಂಡ ಸೂಪರ್‌ವೈಸರ್, ಮಹಾ ಬುದ್ಧಿವಂತ! ಸಂಜೆಯೇ ಅವಳನ್ನು ಕರೆಸಿದ.

"ದೊಡ್ಡಕ್ಕ, ನಮ್ಮ ಇನ್ನೊಂದು ಶಾಖೆಯಲ್ಲಿ ನಿಮ್ಮಂಥ ಅನುಭವಸ್ಥರು ಬೇಕಂತೆ. ನಾಳೆಯಿಂದ ಅಲ್ಲಿಗೆ ಹೋಗಿ."

ಅವಳು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. "ಅದು ಊರಾಚೆ ಅಲ್ವಾ ಸಾರ್? ಎರಡು ಬಸ್ಸು ಹತ್ತಬೇಕು. ಮನೇಲಿ ಅತ್ತೆ ಹಾಸಿಗೆ ಹಿಡಿದಿದಾರೆ. ಇಲ್ಲಿ ಆದ್ರೆ ಮಧ್ಯಾಹ್ನ ಓಡಿಹೋಗಿ ಮಗ್ಗುಲು ಬದಲಿಸಿ, ಎರಡು ತುತ್ತು ತಿನ್ನಿಸಿ ಬರ್ತೀನಿ."

"ಸ್ವಲ್ಪ ದಿನ ಅಷ್ಟೆ. ನಿಮ್ಮನ್ನೇ ಕಳಿಸಿ ಅಂತ ಅವರು ಕೇಳಿದಾರೆ."

"ನನ್ನನ್ನೇ ಕೇಳಿದ್ರಾ?" ದೊಡ್ಡಕ್ಕನ ಮುಖ ಅರಳಿತು. "ನೀವು ಹೇಳಿದ್ಮೇಲೆ ಆಯ್ತು ಬಿಡಿ. ಏನೋ ಮಾಡ್ಕೋತೀನಿ."

ಅಂದು ರಾತ್ರಿ ಊಟಕ್ಕೆ ಕೂತಾಗ ಅವನು ಭಾವಮೈದುನನಿಗೆ ಫೋನು ಮಾಡಿ ಈ ಕಥೆಯನ್ನೆಲ್ಲ ಬಣ್ಣ ಕಟ್ಟಿ ಹೇಳಿದ. ಆ ಕಡೆಯಿಂದ "ಭಾವ, ಪಳಗಿಬಿಟ್ರಿ!" ಎಂಬ ಶಹಬ್ಬಾಸ್‌ಗಿರಿ ಬಂತು. ಬಡಿಸುತ್ತಿದ್ದ ಹೆಂಡತಿ ಮಾತ್ರ, "ಪಾಪ, ಆ ಮುದುಕೀನ ಮಧ್ಯಾಹ್ನ ಯಾರು ನೋಡ್ಕೋತಾರೆ?" ಎಂದಳು. ಅವನು ಕೇಳಿಸಿಕೊಳ್ಳದವನಂತೆ ಸಾರು ಹಾಕಿಸಿಕೊಂಡ.

ಎರಡು ದಿನ ಇಸ್ತ್ರಿ ವಿಭಾಗದಲ್ಲಿ ಪಿಟ್ಟೆಂಬ ಸದ್ದಿಲ್ಲ. ಮೂರನೆಯ ದಿನ ಬೆಳಿಗ್ಗೆ ರೋಲರುಗಳೆಲ್ಲ ಒಟ್ಟಿಗೇ ನಿಂತವು. ಹೊರಗೆ ಬಂದು ನೋಡಿದರೆ ಹೆಂಗಸರು ಅಂಗಳದಲ್ಲಿ ಸಾಲಾಗಿ ಕೂತುಬಿಟ್ಟಿದ್ದಾರೆ. ಸಂಜೆಯೊಳಗೆ ಆಸ್ಪತ್ರೆಯ ಷೀಟುಗಳು ಹೋಗಲೇಬೇಕು. ಇವನು ಅವರೆದುರು ಹೋಗಿ ನಿಂತ.

"ಏನಿದು? ದೊಡ್ಡಕ್ಕ ಹೋದ ಮೇಲಾದ್ರೂ ನೆಮ್ಮದಿಯಾಗಿರ್ತೀರಿ ಅಂದ್ಕೊಂಡಿದ್ದೆ!"

ದೊಡ್ಡಕ್ಕನ ಜೊತೆಯಲ್ಲೇ ದುಡಿಯುತ್ತಿದ್ದ ಕನ್ನಡಕದವಳು ಎದ್ದು ನಿಂತಳು. "ಇದೇನ್ ಸಾರ್ ಹೀಗಂತೀರಿ? ಇಷ್ಟು ದಿನ ನಮ್ಮನ್ನ ಸುಮ್ಮನಿರಿಸಿದ್ದೇ ಅವರು. 'ಸಾರ್ ಮಾಲೀಕರ ಹತ್ರ ದಿನಾ ಮಾತಾಡ್ತಿದಾರೆ, ಇನ್ನೆರಡು ದಿನ ತಡ್ಕೊಳ್ರೇ' ಅಂತ ನಮ್ಮ ಮೇಲೇ ರೇಗ್ತಿದ್ರು. ಈಗ ಅವರೂ ಇಲ್ಲ, ಫ್ಯಾನೂ ಇಲ್ಲ. ಇನ್ನು ಯಾರ ಮುಖ ನೋಡ್ಕೊಂಡು ತಡ್ಕೊಳ್ಳೋಣ?"

ಸೂಪರ್‌ವೈಸರನಿಗೆ ಈಗ ಹೊಳೆಯಿತು. ಊರು ಕಾಯುತ್ತಿದ್ದವಳನ್ನೇ ದಂಗೆಕೋರಳೆಂದು ಊರಾಚೆ ಕಳಿಸಿದ್ದ. ಇಂಥ ತಪ್ಪನ್ನು ಆಟದಲ್ಲಿ ಅವನು ಒಮ್ಮೆಯೂ ಮಾಡಿರಲಿಲ್ಲ.

ಕನ್ನಡಕದವಳೇ ಫೋನು ಮಾಡಿದ್ದಳೋ ಏನೋ, ಮಧ್ಯಾಹ್ನದ ಹೊತ್ತಿಗೆ ದೊಡ್ಡಕ್ಕ ಗೇಟಿನಲ್ಲಿ ಕಾಣಿಸಿಕೊಂಡಳು. ಎರಡು ಬಸ್ಸಿನ ಧೂಳೆಲ್ಲ ಮುಖದ ಮೇಲಿತ್ತು. ಯಾರೋ ಅತ್ತೆ ಹೇಗಿದಾರೆ ಎಂದು ಕೇಳಿದರು. "ಬೆನ್ನಲ್ಲಿ ಹುಣ್ಣಾಗಿದೆ ಕಣೇ. ಹೊತ್ತುಹೊತ್ತಿಗೆ ಹೊರಳಿಸೋರಿಲ್ಲ ನೋಡು," ಎಂದಳು, ಯಾರನ್ನೂ ದೂರದೆ. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎಲ್ಲರ ಮೇಲೆ ಹರಿಹಾಯ್ದಳು.

"ನಾಚಿಕೆ ಆಗಲ್ವೇನ್ರೇ? ಆಸ್ಪತ್ರೆಯವರು ಷೀಟಿಗೆ ಕಾಯ್ತಾ ಇರ್ತಾರೆ. ಸಾರ್ ಮೇಲೆ ಯಾಕ್ರೇ ಸಿಟ್ಟು? ನನ್ನನ್ನ ಕಳಿಸಿದ್ದು ನನ್ನ ಒಳ್ಳೇದಕ್ಕೆ. ನಮಗೋಸ್ಕರ ಮಾಲೀಕರ ಹತ್ರ ಬೈಸ್ಕೋತಿರೋದೂ ಅವರೇ. ಹೇಳಿ ಸಾರ್, ಫ್ಯಾನಿಗೆ ಏನಂದ್ರು?"

ಎಲ್ಲರೂ ಅವನತ್ತ ತಿರುಗಿದರು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಅವಳು ಅದನ್ನೂ ನಂಬುತ್ತಿದ್ದಳು. ಅದನ್ನೇ ಅವನಿಗೆ ತಾಳಿಕೊಳ್ಳಲಾಗಲಿಲ್ಲ.

"ನಾನು ಅವರನ್ನ ಕೇಳೇ ಇಲ್ಲ ದೊಡ್ಡಕ್ಕ," ಎಂದ. "ಆ ಶಾಖೆಯವರೂ ನಿಮ್ಮನ್ನ ಕೇಳಿರಲಿಲ್ಲ. ಗಲಾಟೆ ಎಬ್ಬಿಸ್ತಿರೋದು ನೀವೇ ಅಂದ್ಕೊಂಡು ಕಳಿಸಿದೆ."

ಅವನು ಅಲ್ಲೇ ನಿಂತು ಮಾಲೀಕರಿಗೆ ಫೋನು ಮಾಡಿದ. ಮಾಲೀಕರ ಗಂಟಲು ದೊಡ್ಡದು, ಅಂಗಳಕ್ಕೆಲ್ಲ ಕೇಳಿಸಿತು. "ಎರಡು ಫ್ಯಾನ್ ತಾನೇನ್ರೀ? ವಾರದಿಂದ ಹಾಗೇ ಬಿಟ್ಟಿದೀರಾ? ಒಂದು ಮಾತು ಹೇಳೋಕೆ ಏನ್ ಕಷ್ಟ ಇತ್ತು? ಈಗಲೇ ಮೆಕ್ಯಾನಿಕ್ಕನ್ನ ಕರೆಸ್ರಿ!"

ಅವನು ಫೋನು ಜೇಬಿಗಿಟ್ಟ. ತಲೆ ಎತ್ತಲಾಗಲಿಲ್ಲ. ದೊಡ್ಡಕ್ಕನ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಹಾಗಾದ್ರೆ ನಾನು ಇವರಿಗೆ ದಿನಾ ಸುಳ್ಳು ಹೇಳ್ದಂಗಾಯ್ತು," ಎಂದಳು ಅವಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಅತ್ತೆಯನ್ನ ಹೊರಳಿಸಿ ಬರ್ತೀನಿ," ಎಂದು ಕನ್ನಡಕದವಳಿಗೆ ಹೇಳಿ, ಇವನ ಕಡೆ ನೋಡದೆ ಗೇಟು ದಾಟಿ ಹೋದಳು.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋದರು. ಅವನೂ ಹಿಂದೆಯೇ ಹೋದ. ಹಬೆ ಮುಖಕ್ಕೆ ರಾಚಿ ಕಣ್ಣು ಉರಿಯಿತು. ರೋಲರಿನಿಂದ ಬರುವ ಷೀಟನ್ನು ಎರಡೂ ಕಡೆ ಒಬ್ಬೊಬ್ಬರು ಹಿಡಿಯಬೇಕು. ಕನ್ನಡಕದವಳ ಎದುರಿಗೆ ದೊಡ್ಡಕ್ಕನ ಜಾಗ ಖಾಲಿ ಇತ್ತು.

"ಹಿಡ್ಕೊಳ್ಳಿ ಸಾರ್," ಎಂದಳು ಅವಳು.

ಅವನು ಅಂಗಿಯ ತೋಳು ಮೇಲಕ್ಕೆ ಮಡಚಿ ಆ ಜಾಗದಲ್ಲಿ ನಿಂತ. ಷೀಟು ಬಂತು. ಬಿಸಿ ತಾಕಿದ್ದೇ ತಡ, ಕೈ ತಾನಾಗಿ ಹಿಂದೆ ಸರಿದು ಮೂಲೆ ನೆಲಕ್ಕೆ ಬಿತ್ತು. ಯಾರೂ ನಗಲಿಲ್ಲ. ಕನ್ನಡಕದವಳು ತನ್ನ ಕಡೆಯ ಮೂಲೆಯನ್ನು ಹಿಡಿದುಕೊಂಡೇ, ಅವನು ಬಗ್ಗಿ ಎತ್ತಿಕೊಳ್ಳಲೆಂದು ಕಾಯುತ್ತ ನಿಂತಿದ್ದಳು.