ತಾರವ್ವ ತುಂಬಿದ ಉಡಿ

“ಮುಂಡೆ, ಬೀಜ ನಿಂದಂತೇನ ಬೇ? ನೆಲ ಯಾರದ?”

ಹಿತ್ತಲಲ್ಲಿ ನಿಂತ ದಾದಾಸಾಹೇಬನ ಬೂಟಿನ ಕೆಳಗೆ ಅವರೆಬಳ್ಳಿಯ ಒಣಗಿದ ಬುಡವಿತ್ತು. ನೆಲ ಅವನದೇ, ತಗಡಿನ ಜೋಪಡಿಯೂ. ಅವನ ಕಬ್ಬಿನಲ್ಲಿ ಕಳೆ ಕೀಳುವ ತಾರವ್ವನದು ಅಂತ ಇದ್ದದ್ದು, ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಅವರೆಬೀಜ ಮಾತ್ರ.

ಚಿಕ್ಕೋಡಿಯ ಬೀಜಮೇಳದಲ್ಲಿ ಅದಕ್ಕೆ ಬಹುಮಾನ ಬಂದಿತ್ತು. “ನಮ್ಮ ಮನೆತನದ ಬೀಜ” ಎಂದು ಹಾರ ಹಾಕಿಸಿಕೊಂಡವನು ದಾದಾಸಾಹೇಬ. ತಾರವ್ವ ಹಿಂದೆ ಬುಟ್ಟಿ ಹಿಡಿದು ನಿಂತಿದ್ದಳು. ನಾಳೆ ಬೀಜದ ಕಂಪನಿಯವರು ಅದನ್ನು ಕೊಳ್ಳಲು ಬರುವವರಿದ್ದರು.

“ಅರ್ಧಾ ಒಯ್ರಿ ಮಾಲಕ್ರ.”

“ಒಂದ ಕಾಳೂ ಇಟಕೋಬ್ಯಾಡ. ಊರ ಮಂದಿ ಹತ್ರ ಇದ್ರ ನನ್ನದ ಹೆಂಗಾದೀತು? ಸಂಜಿಗೆ ಬರ್ತೀನಿ. ಕೊಡದಿದ್ರ ಜೋಪಡಿ ಖಾಲಿ ಮಾಡ.”

ತಾರವ್ವ ಲಗ್ನವಾಗಿ ಈ ಊರಿಗೆ, ಜುಗೂಳಕ್ಕೆ, ಬರುವಾಗ ಅವ್ವ ಉಡಿಗೆ ಹಾಕಿದ್ದು ಈ ಬೀಜವನ್ನೇ. ಬಂಗಾರ ಇರಲಿಲ್ಲ. ಕೃಷ್ಣೆ ಊರೊಳಗೆ ನುಗ್ಗಿದ ವರ್ಷ ಗಡಿಗೆ ಹೊತ್ತು ಶಾಲೆಯ ಮಾಳಿಗೆ ಹತ್ತಿದ್ದಳು. ಎರಡು ದಿನ ಹಸಿದರೂ ಬೇಯಿಸಿರಲಿಲ್ಲ. ಗಂಡ ಸತ್ತ ಮೇಲೆ ಯಾರೂ ಅವಳ ಉಡಿ ತುಂಬಲಿಲ್ಲ, ತುಂಬಲು ಕರೆಯಲೂ ಇಲ್ಲ. ಲಗ್ನದ ಮನೆಗಳಲ್ಲಿ ಹಿಂದಿನ ಬಾಗಿಲಲ್ಲಿ ಪಾತ್ರೆ ತಿಕ್ಕುತ್ತ ಒಳಗಿನ ಹಾಡು ಕೇಳುತ್ತಿದ್ದಳು.

ಮಧ್ಯಾಹ್ನ ಕಬ್ಬಿನಿಂದ ಬಂದ ಹೆಂಗಸರು ಜೋಪಡಿಯ ಮುಂದೆ ನೀರಿಗೆ ನಿಂತಾಗ ತಾರವ್ವ ಗಡಿಗೆ ಹೊರಗೆ ತಂದಳು.

“ಸೆರಗ ಒಡ್ಡ್ರೇ.”

ಹೋದ ವರ್ಷ ಲಗ್ನವಾದ ಮಾಯಾ ಹಿಂದೆ ಸರಿದಳು. “ಯಕ್ಕಾ, ನೀ ಉಡಿ ತುಂಬೂದಂದ್ರ...”

ಅವಳ ಅತ್ತೆ ರಾಮವ್ವ ಸೆರಗು ಬಿಚ್ಚಿ ಒಡ್ಡಿದಳು. “ನನ್ನ ಗಂಡ ಜೀವಂತ ಅದಾನ, ಅದರಿಂದ ಏನ ಸುಖಾ ಸುರದೈತಿ? ಹಾಕ ತಾರಾ.”

ನಕ್ಕರು. ಮಾಯಾ ಕೂಡ ಸೆರಗು ಒಡ್ಡಿದಳು. ಒಬ್ಬೊಬ್ಬಳಿಗೆ ಐದು ಹಿಡಿ, ಬೂದಿ ಸಮೇತ.

ಸಂಜೆ ದಾದಾಸಾಹೇಬ ಖಾಲಿ ಗಡಿಗೆ ಒದ್ದ.

“ಉಡಿ ತುಂಬೇನ್ರಿ. ತಿರುಗಿ ಕೇಳಾಕ ಬರೂದಿಲ್ಲ.”

“ರಂಡಿ ತುಂಬಿದ್ದ ಯಾವ ಉಡಿ ಲೇ? ಮನಿ ಮನಿಗೆ ಹೋಗಿ ಇಸಕೊಂಡ ಬಾ.”

“ನೀವ ಹೋಗ್ರಿ. ಅವರ ಮುಂದ ಕೈ ಒಡ್ಡಿ ಬೇಡ್ರಿ.”

ಅವನು ಓಣಿಗೆ ಹೋದ. ಮೊದಲ ಮನೆಯ ಬಾಗಿಲಲ್ಲಿ ಮಾಯಾ ಸೊಂಟಕ್ಕೆ ಸಿಕ್ಕಿಸಿದ ಬೀಜದ ಗಂಟಿನ ಮೇಲೆ ಕೈ ಇಟ್ಟು ನಿಂತಿದ್ದಳು.

“ನನ್ನ ಉಡಿಗೆ ಕೈ ಹಾಕ್ತೀರೇನ್ರಿ?”

ಓಣಿಯೆಲ್ಲ ನೋಡುತ್ತಿತ್ತು. ಅವನು ತಿರುಗಿ ಬಂದು ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿದ.

ಟ್ರ್ಯಾಕ್ಟರ್ ಬಳ್ಳಿಯ ಚಪ್ಪರ ಕೆಡವಿ ಜೋಪಡಿಗೆ ಬಂದಾಗ ತಾರವ್ವ ಒಲೆಯ ಮುಂದಿನಿಂದ ಏಳಲಿಲ್ಲ. ತಗಡು ಕಿತ್ತುಬಂತು. ಹಿಟ್ಟು ನಾದುತ್ತಿದ್ದ ಪರಾತದೊಳಗೆ ಮಣ್ಣು ಉದುರಿತು. ಮಣ್ಣು ಹತ್ತಿದಷ್ಟು ಹಿಟ್ಟನ್ನು ಚಿವುಟಿ ಎಸೆದು, ಉಳಿದದ್ದನ್ನು ನಾದತೊಡಗಿದಳು.