ಬೋಟಿನ ಎಣ್ಣೆ

ಬೂಬನಿಗೆ ಎಂಜಿನ್ ಅಂದರೆ ಕಿವಿಯ ವಿಷಯ. ಮೂವತ್ತೆಂಟು ವರ್ಷ ಟ್ರಾಲ್ ಬೋಟಿನಲ್ಲಿ ಡ್ರೈವರ್ ಆಗಿದ್ದವನು. ಬೋಟುಗಳು ತಂಗುವ ದಕ್ಕೆಯಲ್ಲಿ ಯಾರ ಬೋಟು ಸ್ಟಾರ್ಟ್ ಆದರೂ ಕುಳಿತಲ್ಲಿಂದಲೇ ಅದರ ಹೊಟ್ಟೆನೋವು ಹೇಳಬಲ್ಲವನು. ಶನಿವಾರದ ಭಜನೆಯಲ್ಲೂ ಅವನು ಹಾಡುವವನಲ್ಲ, ಮಂದಿರದ ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತು ಕೇಳುವವನು. ತಬಲದ ಶ್ರುತಿ ಒಂದೆಳೆ ಇಳಿದರೂ ಅವನ ಹುಬ್ಬು ಗಂಟಾಗುತ್ತಿತ್ತು. ಬಾರಿಸುವವನು ಅದನ್ನು ನೋಡಿಯೇ ಸುತ್ತಿಗೆಗೆ ಕೈ ಹಾಕುತ್ತಿದ್ದ.

ಆ ಕಿವಿಯನ್ನು ನಂಬಿಯೇ ಮಗ ಕಮಲೇಶ ತನ್ನ ಕಾರನ್ನು ಅಪ್ಪನ ಕೈಗೆ ಬಿಟ್ಟದ್ದು.

ಕಮಲೇಶನಿಗೆ ಆ ಕಾರು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮೂರು ವರ್ಷದ ಹಿಂದೆ ಬಲೆ ಎಳೆಯುವ ವಿಂಚಿನ ರೋಪು ಅವನ ಬಲಗೈಯ ಎರಡು ಬೆರಳುಗಳನ್ನು ತೆಗೆದುಕೊಂಡು ಹೋಗಿತ್ತು. ಅಂದಿನಿಂದ ಕಡಲೆಂದರೆ ಅವನಿಗೆ ಮೈ ನಡುಕ. ಪಡುಗಾಳಿ ಬೀಸಿದರೆ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದ. ಹೆಂಡತಿ ದಮಯಂತಿಯೇ ಹಟ ಹಿಡಿದು ಹೊಸ ಡೀಸೆಲ್ ಕಾರು ತೆಗೆಸಿದಳು. ಬೋಳೂರಿನ ಮನೆಯಿಂದ ಹಂಪನಕಟ್ಟೆ, ಹಂಪನಕಟ್ಟೆಯಿಂದ ಆಸ್ಪತ್ರೆ, ಅಲ್ಲಿಂದ ರೈಲ್ವೆ ಸ್ಟೇಷನ್ ಎಂದು ಒಂದು ವರ್ಷ ಸಣ್ಣ ಸಣ್ಣ ಬಾಡಿಗೆಯಲ್ಲಿ ಕಳೆಯಿತು. ಈಗ ಪಣಂಬೂರಿನ ಒಂದು ಕಂಪೆನಿಗೆ ಗಾಡಿ ಗೊತ್ತು ಮಾಡುವ ಇಲ್ಯಾಸ್ ಎಂಬವರು ಕರೆದಿದ್ದರು. ದೇರೆಬೈಲಿನಿಂದ ನಾಲ್ಕು ಮಂದಿ ಇಂಜಿನಿಯರುಗಳನ್ನು ದಿನಾ ಕರೆದುಕೊಂಡು ಹೋಗಬೇಕು, ಕರೆದುಕೊಂಡು ಬರಬೇಕು. ಸೋಮವಾರ ಮೊದಲ ದಿನ. ಇದೊಂದು ಹಿಡಿದರೆ ಮಗ ಇನ್ನು ಜನ್ಮದಲ್ಲಿ ಬೋಟು ಹತ್ತಬೇಕಾಗಿಲ್ಲ ಎಂದು ಬೂಬ ಮಂದಿರದಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು ಬಂದ.

ಕಾರಿನ ಎಣ್ಣೆಯ ಕಥೆ ಶುರುವಾದದ್ದು ಹಿಂದಿನ ಆಗಸ್ಟಿನಲ್ಲಿ. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ಮೊದಲು ಎಂಜಿನಿಗೆ ಹೊಸ ಎಣ್ಣೆ ಹೊಯ್ಯುವುದು ಅವರ ಬೋಟಿನಲ್ಲಿ ಒಂದು ಪೂಜೆಯೇ. ಡ್ರಮ್ಮಿಗೆ ಹೂವಿಟ್ಟು, ಕಾಯಿ ಒಡೆದು, ಹಿರಿಯ ಡ್ರೈವರನೇ ಮೊದಲು ಹೊಯ್ಯಬೇಕು. ಕೆಲಸ ಬಿಟ್ಟ ಮೇಲೂ ಆ ಮರ್ಯಾದೆ ಬೂಬನದ್ದೇ ಆಗಿ ಉಳಿದಿತ್ತು. ಹೊಯ್ದು ಮುಗಿಸಿ, ಅದೇ ಡ್ರಮ್ಮಿನಿಂದ ಒಂದು ಕ್ಯಾನು ತುಂಬಿಸಿಕೊಂಡು, ಹೂವಿನ ಎಸಳು ಅಂಟಿದ ಹಾಗೆಯೇ ಮನೆಗೆ ತಂದ. ಕಾರಿನ ಎಣ್ಣೆಯನ್ನು ಕೆಳಗಿನಿಂದ ಇಳಿಸಿ ಬೆರಳುಗಳ ನಡುವೆ ಉಜ್ಜಿ ನೋಡಿದ. ನೀರಿನ ಹಾಗಿತ್ತು. ಇದರಲ್ಲಿ ಒಂದು ಒಗ್ಗರಣೆಯೂ ಆಗಲಿಕ್ಕಿಲ್ಲ ಎಂದು ನಕ್ಕು ಬದಿಗಿಟ್ಟ.

ದಮಯಂತಿ ಕಾರಿನ ಪುಸ್ತಕ ಹಿಡಿದುಕೊಂಡು ಹೊರಗೆ ಬಂದಿದ್ದಳು. "ಮಾವ, ಇದರಲ್ಲಿ ಬೇರೆ ನಂಬರ್ ಉಂಟು. ಹೊಗೆಯ ಫಿಲ್ಟರ್ ಇರುವ ಗಾಡಿಗೆ ಆ ಎಣ್ಣೆಯೇ ಆಗಬೇಕಂತೆ."

"ಪುಸ್ತಕ ಬರೆದವ ಎಣ್ಣೆ ಮಾರುವವ, ಮಗಳೇ. ಅಷ್ಟು ದೊಡ್ಡ ಬೋಟನ್ನು ಕಾದ ಎಣ್ಣೆ ಈ ಅಂಗೈಯಗಲದ ಎಂಜಿನನ್ನು ಕಾಯುವುದಿಲ್ಲವಾ?"

ಅವಳು ಪುಸ್ತಕ ಮಡಚಿ ಒಳಗೆ ಹೋದಳು. ಮಾವನ ಎದುರು ಎರಡು ಸಲ ಮಾತಾಡಿ ಅವಳಿಗೆ ಅಭ್ಯಾಸ ಇರಲಿಲ್ಲ. ಆಮೇಲೆ ಕಾರು ಶೋರೂಮಿನ ಮೆಟ್ಟಿಲು ಹತ್ತಲಿಲ್ಲ. ವರ್ಷದೊಳಗೆ ಬೂಬ ಇನ್ನೆರಡು ಸಲ ಎಣ್ಣೆ ಬದಲಿಸಿದ, ಪ್ರತಿ ಸಲವೂ ದೇವರ ಹೆಸರು ಹೇಳಿಯೇ ಹೊಯ್ದ.

ಈ ವರ್ಷದ ನವರಾತ್ರಿಯ ಹೊತ್ತಿಗೆ ಸ್ಟಿಯರಿಂಗಿನ ಹಿಂದೆ ಹಳದಿ ದೀಪವೊಂದು ಹೊತ್ತಿಕೊಂಡಿತು. ಕಮಲೇಶ ಅಪ್ಪನನ್ನು ಕರೆದು ತೋರಿಸಿದ. ಬೂಬ ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಭಜನೆಗೆ ಕೂತ ಹಾಗೆ ಬಹಳ ಹೊತ್ತು ಕೇಳಿದ. ಒಂದು ತಾಳ ತಪ್ಪಿರಲಿಲ್ಲ. ಬೋಟಿನಲ್ಲಿ ಉಪ್ಪುನೀರು ತಾಗಿ ಎಲ್ಲಾ ದೀಪಗಳೂ ಸುಮ್ಮನೆ ಹೊತ್ತುತ್ತವೆ. ಅವನ್ನು ನಂಬಿ ಯಾವ ಡ್ರೈವರನೂ ದಡಕ್ಕೆ ತಿರುಗಿದ್ದಿಲ್ಲ.

"ದೀಪ ಸುಳ್ಳು ಹೇಳ್ತದೆ ಮಗ, ಶಬ್ದ ಹೇಳುವುದಿಲ್ಲ," ಅಂದ.

ಕಮಲೇಶ ತಲೆಯಾಡಿಸಿದ. ಚಿಕ್ಕಂದಿನಿಂದಲೂ ಅಪ್ಪ ಸರಿ ಅಂದ ಎಂಜಿನ್ ದಾರಿಯಲ್ಲಿ ನಿಂತದ್ದನ್ನು ಅವನು ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ಬೂಬ ರಿಕ್ಷಾ ಹಿಡಿದು ಓಡಿದ. ಕೂಳೂರು ಸೇತುವೆಯ ಎಡಬದಿಯಲ್ಲಿ ಕಾರು ನಿಂತಿತ್ತು. ಲಾರಿಗಳು ಹಾರ್ನ್ ಹಾಕುತ್ತಾ ಸುತ್ತು ಬಳಸಿ ಹೋಗುತ್ತಿದ್ದವು. ನಾಲ್ವರು ಇಂಜಿನಿಯರುಗಳು ಆಗಲೇ ಇಲ್ಯಾಸ್ ಕಳಿಸಿದ ಇನ್ನೊಂದು ಕಾರಿನಲ್ಲಿ ಹೋಗಿಯಾಗಿತ್ತು. ಏರು ಬರುತ್ತಲೇ ಗಾಡಿ ಎಳೆಯುವುದನ್ನು ಬಿಟ್ಟಿತೆಂದೂ, ಎಷ್ಟು ಒತ್ತಿದರೂ ಆಮೆಯ ಹಾಗೆ ಹೋಯಿತೆಂದೂ, ದೀಪಗಳೆಲ್ಲಾ ಹೊತ್ತಿಕೊಂಡವೆಂದೂ ಕಮಲೇಶ ಹೇಳಿದ. ಬೂಬ ಸ್ಟಾರ್ಟ್ ಮಾಡಿಸಿ ಕಿವಿ ಕೊಟ್ಟ. ಒಂದು ಬಿಕ್ಕಳಿಕೆ ಇಲ್ಲ, ಒಂದು ಕೆಮ್ಮಿಲ್ಲ. ಅದೇ ಅವನಿಗೆ ಮೊದಲ ಸಲ ಹೆದರಿಕೆ ಹುಟ್ಟಿಸಿದ್ದು.

ದೇರೆಬೈಲಿನಲ್ಲಿ ಲ್ಯಾನ್ಸಿಯ ಗ್ಯಾರೇಜಿತ್ತು. ಬೂಬನ ಹೆಸರು ಕೇಳಿ ಬಲ್ಲ ಮನುಷ್ಯ. ಕಾರನ್ನು ಎಳೆದು ತಂದು, ಕಂಪ್ಯೂಟರಿಗೆ ವಯರು ಜೋಡಿಸಿ ನೋಡಿದ. ಆಮೇಲೆ ಎಣ್ಣೆ ಅಳೆಯುವ ಕಡ್ಡಿ ಎಳೆದು ಮೂಸಿದ.

"ಬೂಬಣ್ಣ, ಎಣ್ಣೆ ಯಾವುದು ಹಾಕಿದ್ದು?"

"ನಮ್ಮದೇ."

"ನಮ್ಮದೇ ಅಂದರೆ?"

"ಬೋಟಿನದ್ದು. ಪೂಜೆಯ ಡ್ರಮ್ಮಿನದ್ದು."

ಲ್ಯಾನ್ಸಿ ಕೈ ಒರೆಸಿಕೊಂಡ. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದ. ಮತ್ತೆ ಮೆಲ್ಲಗೆ ಬಿಡಿಸಿ ಹೇಳಿದ. ಈಗಿನ ಡೀಸೆಲ್ ಗಾಡಿಗಳ ಹೊಗೆಯ ದಾರಿಯಲ್ಲಿ ಜೇನುಗೂಡಿನಂಥ ಒಂದು ಫಿಲ್ಟರ್ ಇರುತ್ತದೆ. ಮಸಿ ಅದರಲ್ಲಿ ನಿಲ್ಲುತ್ತದೆ, ಹೈವೇಯಲ್ಲಿ ಒಂದಿಷ್ಟು ಓಡಿದರೆ ಕಾದು ಸುಟ್ಟುಹೋಗುತ್ತದೆ. ಬೋಟಿನ ಎಣ್ಣೆ ಉರಿದರೆ ಬೂದಿ ಜಾಸ್ತಿ, ಆ ಬೂದಿ ಸುಡುವುದಿಲ್ಲ. ಪೇಟೆಯೊಳಗಿನ ಸಣ್ಣ ಓಡಾಟ ಬೇರೆ, ಅದರಲ್ಲಿ ಫಿಲ್ಟರ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ದೀಪ ಹೊತ್ತಿದ ದಿನ ತಂದಿದ್ದರೆ ಏನಾದರೂ ನೋಡಬಹುದಿತ್ತು.

"ಶಬ್ದ ಸರಿ ಉಂಟಲ್ಲ ಲ್ಯಾನ್ಸಿ," ಬೂಬ ಅಂದ.

"ಶಬ್ದದಲ್ಲಿ ಎಂತ ಸಹ ಗೊತ್ತಾಗುವುದಿಲ್ಲ, ಬೂಬಣ್ಣ. ಇದಕ್ಕೆ ನೋವಾದರೆ ಹೇಳಲಿಕ್ಕೆ ದೀಪ ಮಾತ್ರ."

ಫಿಲ್ಟರ್ ಹೊಸತೇ ಆಗಬೇಕು, ಅದರ ಬೆಲೆ ಸಣ್ಣದಲ್ಲ. ಬೇರೆ ಎಣ್ಣೆ ಹಾಕಿದ್ದರಿಂದ ಕಂಪೆನಿ ವಾರಂಟಿಯಲ್ಲಿ ಕೊಡುವುದಿಲ್ಲ. ತರಿಸಲಿಕ್ಕೆ ಒಂದು ತಿಂಗಳಾದರೂ ಬೇಕು. ಕಮಲೇಶ ಹೊರಗೆ ಹೋಗಿ ಇಲ್ಯಾಸಿಗೆ ಫೋನ್ ಮಾಡಿದ. ಗಾಜಿನಾಚೆ ಮಗನ ಬಾಯಿ ಒಂದೆರಡು ಸಲ ಆಡಿ ನಿಂತದ್ದು ಬೂಬನಿಗೆ ಕಂಡಿತು. ಬೆಳಿಗ್ಗೆ ಹೋದ ಕಾರನ್ನೇ ಗಟ್ಟಿ ಮಾಡಿದ್ದಾರಂತೆ. ಬೈದರಾ ಎಂದು ಬೂಬ ಕೇಳಿದ. ಇಲ್ಲ, ಪಾಪ ಅಂದರು ಎಂದ ಕಮಲೇಶ.

ಮನೆಯಲ್ಲಿ ದಮಯಂತಿ ಎಂದಿನಂತೆ ಮಾವನಿಗೆ ಮೊದಲು ಬಡಿಸಿದಳು. ಆ ಪುಸ್ತಕ ಟಿವಿಯ ಪಕ್ಕದಲ್ಲೇ ಇತ್ತು, ಅದರ ಕಡೆ ಅವಳು ನೋಡಲೂ ಇಲ್ಲ. ಆ ಶನಿವಾರ ಬೂಬ ಮಂದಿರಕ್ಕೆ ಹೋದನಾದರೂ ತಬಲ ಇಳಿದದ್ದು ಅವನಿಗೆ ತಿಳಿಯಲಿಲ್ಲ. ಬಾರಿಸುವವನು ಮೂರು ಸಲ ಅವನ ಮುಖ ನೋಡಿ ತಾನೇ ಸರಿ ಮಾಡಿಕೊಂಡ.

ಫಿಲ್ಟರಿನ ದುಡ್ಡಿಗಾಗಿ ಬುಧವಾರ ಕಮಲೇಶ ಬಟ್ಟೆಯ ಚೀಲ ಹಿಡಿದು ದಕ್ಕೆಗೆ ಇಳಿದ. ಮೂರು ಬೆರಳಿನ ಕೈಗೆ ಬಲೆಯ ಕೆಲಸ ಕೊಡುವವರಿಲ್ಲ, ಅಡುಗೆಗೆ ಆಗಬಹುದು ಎಂದಿದ್ದರು. ಉಳಿದ ಎಣ್ಣೆಯ ಕ್ಯಾನನ್ನು ಬೂಬನೇ ಹೊತ್ತು ತಂದು ಬೋಟಿಗೆ ಕೊಟ್ಟ. ಅಲ್ಲಿಗಾದರೆ ಅದು ಸರಿಯಾದ ಎಣ್ಣೆ.

"ನೀವು ಮನೆಗೆ ಹೋಗಿ ಅಪ್ಪ, ಬಿಸಿಲು," ಕಮಲೇಶ ಅಂದ. ಹಗ್ಗ ಹಿಡಿದು, ನೀರಿನ ಕಡೆ ನೋಡದೆ ಬೋಟು ಹತ್ತಿದ.

ಬೂಬ ಹೋಗಲಿಲ್ಲ. ಎಂಜಿನ್ ಸ್ಟಾರ್ಟ್ ಆಯಿತು. ಅವನು ಕಣ್ಣು ಮುಚ್ಚಿ, ಜೀವವನ್ನೆಲ್ಲಾ ಕಿವಿಗೆ ತಂದು ಕೇಳಿದ. ಒಂದು ಸಣ್ಣ ಅಪಸ್ವರ ಸಿಕ್ಕಿದ್ದರೆ ಸಾಕಿತ್ತು, ಕೈ ಎತ್ತಿ ಬೋಟನ್ನು ನಿಲ್ಲಿಸಬಹುದಿತ್ತು. ಅವನು ಕೈ ಎತ್ತಿದರೆ ಆ ದಕ್ಕೆಯಲ್ಲಿ ಇಂದಿಗೂ ಯಾರೂ ಮುಂದೆ ಹೋಗುವುದಿಲ್ಲ.

ಸಿಗಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯವರೆಗೂ ಶಬ್ದ ಶುದ್ಧವಾಗಿಯೇ ಕೇಳುತ್ತಿತ್ತು.