ಹುಣಸೆಮರದ ಮೊಳೆ

"ಆ ನೆತ್ತಿ ಮೇಲೆ ಒಸಿ ಹೂವ ಮುಡಿಸ್ರವ್ವ, ಜನ ನೋಡ್ತಾರೆ," ಅಂದಳು ಮಾರಕ್ಕ.

ಹೆಣ ತೊಳೆಯುತ್ತಿದ್ದ ಹೆಂಗಸರು ಚಿನ್ನತಾಯಿಯ ನೆತ್ತಿಯ ಬೋಳು ಜಾಗ ನೋಡಿ ಹೂವಿಗೆ ಕೈ ಚಾಚಿದರು. ಕೊಳತ್ತೂರಿನ ಆ ಕೇರಿಗೆಲ್ಲ ಗೊತ್ತಿದ್ದದ್ದೇ. ಎರಡು ವರ್ಷದ ಹಿಂದೆ ಕಳೆ ಕೀಳುತ್ತ ಕೀಳುತ್ತಲೇ ಅಳುವುದು, ರಾತ್ರಿಯೆಲ್ಲ ಎದ್ದು ಕೂರುವುದು ಹೆಚ್ಚಾದಾಗ, ಪೇಯಿ ಹಿಡಿದಿದೆ ಅಂತ ಮನೆಯವರು ಅವಳನ್ನು ದೆವ್ವ ಬಿಡಿಸುವ ಪೂಸಾರಿಯ ಹತ್ತಿರ ಒಯ್ದಿದ್ದರು. ಅವನು ಅವಳ ಒಂದು ಹಿಡಿ ಕೂದಲನ್ನು ಹುಣಸೆಮರಕ್ಕೆ ಮೊಳೆ ಹೊಡೆದು ಸಿಕ್ಕಿಸಿ, ದೆವ್ವ ಮರದಲ್ಲೇ ಉಳಿಯಲಿ ಅಂತ ಕೂದಲು ಕಿತ್ತುಬರುವ ಹಾಗೆ ಅವಳನ್ನು ಹಿಂದಕ್ಕೆ ಎಳೆದಿದ್ದ. ಆ ಜಾಗದಲ್ಲಿ ಮತ್ತೆ ಕೂದಲು ಬರಲಿಲ್ಲ. ನಿನ್ನೆ ಮರಗೆಣಸಿನ ಸಾಲಿನಲ್ಲೇ ಎದೆ ಹಿಡಿದುಕೊಂಡು ಕುಸಿದಳು, ಎತ್ತುವಷ್ಟರಲ್ಲಿ ಮುಗಿದಿತ್ತು.

ನೀರು ಹೊಯ್ಯುತ್ತಿದ್ದವಳು ಚಿನ್ನತಾಯಿಯ ಸೊಸೆ ಕಲೈಸೆಲ್ವಿ. ಚೊಂಬು ಬಿಂದಿಗೆಗೆ ಕಟಕಟ ಬಡಿಯಿತು.

"ಕೈ ಯಾಕ್ಲೇ ನಡುಗ್ತೈತೆ?" ಮಾರಕ್ಕ ಅವಳ ಮಣಿಕಟ್ಟು ಹಿಡಿದಳು. ಮಾರಕ್ಕ ಸತ್ತವಳ ನಾದಿನಿ. ಆ ಮನೆಯಲ್ಲಿ ಅವಳು ಹೇಳಿದ್ದೇ ನಡೆಯುವುದು. ಸೊಸೆಯ ಕಣ್ಣ ಕೆಳಗಿನ ಕಪ್ಪನ್ನೂ ನೋಡಿದಳು. "ಅತ್ತೇನ ಬಿಟ್ಟಿದ್ದು ಸೊಸೇನ ಇಡೀತಾ?"

ನಗುತ್ತಲೇ ಹೇಳಿದಳು.

*

ಹೋದ ವಾರ ಗೆಣಸು ಕೀಳುವಾಗ ಕಲೈಸೆಲ್ವಿ ಅತ್ತೆಯ ಹತ್ತಿರ ಹೇಳಿಕೊಂಡಿದ್ದಳು. ಮೂರು ತಿಂಗಳಿಂದ ನಿದ್ದೆಯಿಲ್ಲ, ಬಗ್ಗಿದರೆ ಸಾಕು ಬೆನ್ನ ಹಿಂದೆ ಯಾರೋ ನಿಂತ ಹಾಗೆ, ಎದೆ ಹೊಡೆದುಕೊಳ್ಳುತ್ತದೆ ಅಂತ.

ಚಿನ್ನತಾಯಿ ಗುದ್ದಲಿ ಕೆಳಗಿಟ್ಟು ಸುತ್ತ ನೋಡಿದಳು.

"ಯಾರ್ಗೂ ಅನ್ಬ್ಯಾಡ ಕಣ್ ತಾಯಿ. ಮೆಟ್ಟೂರಲ್ಲಿ ಒಬ್ರು ಡಾಕ್ಟ್ರಮ್ಮ ಅವ್ರೆ. ಕಾಲ್ನೋವು ಅಂತ ಏಳ್ಬುಟ್ಟು ನಾನು ಓಗೋದು ಅಲ್ಗೇ. ಮಾತ್ರೆ ತಗಂಡ್ಮೇಲೆ ಮಲಗ್ತೀನಿ. ಸೋಮವಾರ ನಿನ್ನೂ ಕರ್ಕೊಂಡ್ ಓಯ್ತೀನಿ."

ಇವತ್ತು ಸೋಮವಾರ.

*

ತಾಯಿಯನ್ನು ಮಣ್ಣು ಮಾಡಿ ಬಂದ ಶಿವಲಿಂಗಂ ಒದ್ದೆ ಪಂಚೆಯಲ್ಲೇ ಜಗುಲಿಯ ಮೇಲೆ ಕುಳಿತ. ಅಷ್ಟರಲ್ಲಿ ಮಾರಕ್ಕ ಪೂಸಾರಿಗೆ ಹೇಳಿ ಕಳಿಸಿದ್ದೂ ಆಗಿತ್ತು. ಅವನೇ ಫೋನ್ ಮಾಡುತ್ತಾನೆ, ಹೆಂಡತಿಯನ್ನು ಯಾವತ್ತು ಕರೆದುಕೊಂಡು ಬರುತ್ತೀಯ ಅಂತ ಹೇಳಿಬಿಡು, ಎಂದು ಒಳಗಿನಿಂದಲೇ ಕೂಗಿದಳು.

ಕಲೈಸೆಲ್ವಿ ಗಂಡನ ಮುಂದೆ ಬಂದು ನಿಂತಳು.

"ನಂಗೆ ನಿದ್ದೆ ಇಲ್ಲ, ನಿಜ. ಆದ್ರೆ ಆ ಮರದ ತಾವ ಮಾತ್ರ ಕರ್ಕೊಂಡ್ ಓಗ್ಬ್ಯಾಡಿ. ಮೆಟ್ಟೂರು ಡಾಕ್ಟ್ರಮ್ಮನ ತಾವ ಓಗಾಣ. ಅತ್ತೇನೂ ಅಲ್ಗೇ ಓಯ್ತಿದ್ರು."

"ಅವತ್ತು ಆ ಮರದ ತಾವ ಅಮ್ಮನ್ ಭುಜ ಇಡ್ಕಂಡಿದ್ದು ನಾನೇ," ಅಂದ ಅವನು, ನೆಲ ನೋಡುತ್ತ. "ಕಿರುಚ್ತಾಳೆ ಅನ್ಕಂಡಿದ್ದೆ. ಸುಮ್ಕೆ ನನ್ನೇ ನೋಡ್ತಿದ್ಲು."

ಜಗುಲಿಯ ಮೇಲಿದ್ದ ಫೋನು ಗುಯ್‌ಗುಟ್ಟಿತು. ಪೂಸಾರಿಯ ಹೆಸರು. ಕಲೈಸೆಲ್ವಿ ಗಂಡನ ಕೈಯನ್ನೇ ನೋಡುತ್ತಿದ್ದಳು. ಅವನು ಫೋನನ್ನು ಬೋರಲು ಹಾಕಿ ಅದರ ಮೇಲೆ ಅಂಗೈ ಊರಿದ. ಅದು ಅಂಗೈ ಕೆಳಗೂ ಗುಯ್‌ಗುಡುತ್ತಲೇ ಇತ್ತು.